ಬೇಗಡೆ ಕಾಗದದ ಕುದುರೆ: ‘ಬ್ಲೇಡ್ ರನ್ನರ್’ ಪ್ರಕರಣ

ಲಿಫ್ಟಿನ ಕಡೆ ಹೆಜ್ಜೆ ಹಾಕುತ್ತಿರುವ ಹೆಣ್ಣಿನ ಕಾಲು ತಾಗಿ ನೆಲದ ಮೇಲಿದ್ದ ಪುಟ್ಟದೇನೋ ಉರುಳುತ್ತದೆ. ಹಿಂದೆಯೇ ಬರುತ್ತಿದ್ದವನು ಬಗ್ಗಿ ಎತ್ತಿಕೊಳ್ಳುತ್ತಾನೆ. ಬೇಗಡೆ ಕಾಗದವನ್ನು ಮಡಚಿ ಮಾಡಿದ ಕುದುರೆ. ಹಣೆಯ ಮೇಲೆ ಒಂದೇ ಕೊಂಬು. ಅದನ್ನು ಕಣ್ಣ ಮುಂದೆ ಹಿಡಿದು ನೋಡುತ್ತಾನೆ, ಏನೋ ಅರ್ಥವಾದವನಂತೆ ಸಣ್ಣಗೆ ತಲೆಯಾಡಿಸುತ್ತಾನೆ, ಅಂಗೈಯಲ್ಲೇ ಹಿಸುಕಿ ಲಿಫ್ಟಿನೊಳಗೆ ಹೋಗುತ್ತಾನೆ.

ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ ಚಿತ್ರದ ಕೊನೆಯ ಕ್ಷಣಗಳಿವು. 1982ರ ಜೂನ್ 25ರಂದು ಚಿತ್ರ ತೆರೆಗೆ ಬಂದಾಗ ಆ ಕುದುರೆಗೆ ಒಂದು ಅರ್ಥವಿತ್ತು. 1992ರಲ್ಲಿ ಅದೇ ಚಿತ್ರ ಮತ್ತೆ ತೆರೆಗೆ ಬಂದಾಗ ಅದೇ ಕುದುರೆಗೆ ಬೇರೆಯದೇ ಅರ್ಥ. ಈ ಶಾಟನ್ನು ಯಾರೂ ಹೊಸದಾಗಿ ತೆಗೆದಿರಲಿಲ್ಲ. ಒಂದು ಗಂಟೆಗೂ ಹೆಚ್ಚು ಹಿಂದೆ ಬರುವ ಇನ್ನೊಂದು ದೃಶ್ಯದ ನಡುವೆ ಕೆಲವೇ ಸೆಕೆಂಡುಗಳ ತುಣುಕೊಂದನ್ನು ಸೇರಿಸಿದ್ದರು, ಅಷ್ಟೇ.

ಒಂದು ಚಿತ್ರವನ್ನು 25 ವರ್ಷಗಳ ಕಾಲ ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿದ ಪ್ರಕರಣ ಇದು. ಕೈ ಹಾಕಿದವರು ಹಲವರು, ಕಾರಣಗಳೂ ಹಲವು. ಆದರೆ ಕಾಗದಪತ್ರ ಬದಿಗಿಟ್ಟು ಚಿತ್ರವನ್ನೇ ನೋಡಿದರೆ ಜಗಳವೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಕೃತಕ ಮಾನವರ ಕಥೆ ಹೇಳುವಾಗ ಯಾರು ಅಸಲಿ, ಯಾರು ನಕಲಿ ಎಂಬುದನ್ನು ನೋಡುಗನಿಗೆ ಎಷ್ಟು ಬಿಡಿಸಿ ಹೇಳಬೇಕು?

ಕಥೆಯೊಳಗಿನ ಗಡುವು

2019ರ ನವೆಂಬರ್, ಲಾಸ್ ಏಂಜಲೀಸ್. ಎಡೆಬಿಡದ ಮಳೆ, ಹೊಗೆ, ನಿಯಾನ್ ಬೆಳಕು. ಟೈರೆಲ್ ಎಂಬ ಕಂಪನಿ ಮನುಷ್ಯರಂತೆಯೇ ಇರುವ ಜೀವಿಗಳನ್ನು ತಯಾರಿಸಿ ಭೂಮಿಯಾಚೆಯ ವಸಾಹತುಗಳಿಗೆ ಜೀತಕ್ಕೆ ಕಳಿಸುತ್ತದೆ. ಇವರ ಹೆಸರು ರೆಪ್ಲಿಕಂಟ್. ಈ ಪದ ಮೂಲ ಕಾದಂಬರಿಯಲ್ಲಿಲ್ಲ. ಫಿಲಿಪ್ ಕೆ. ಡಿಕ್ 1968ರ ತಮ್ಮ ಕಾದಂಬರಿಯಲ್ಲಿ ಬಳಸಿದ್ದು ಆಂಡ್ರಾಯ್ಡ್ ಎಂಬ ಪದ. ಚಿತ್ರಕಥೆಯನ್ನು ತಿದ್ದಲು ಬಂದ ಡೇವಿಡ್ ಪೀಪಲ್ಸ್‌ಗೆ ಅದು ಹಳಸಲು ಅನ್ನಿಸಿತು. ವಿಜ್ಞಾನ ಓದುತ್ತಿದ್ದ ಮಗಳನ್ನು ಕೇಳಿದರು. ಜೀವಕೋಶಗಳು ತಮ್ಮ ಪ್ರತಿ ತಾವೇ ಮಾಡಿಕೊಳ್ಳುವುದಕ್ಕೆ ವಿಜ್ಞಾನಿಗಳು ಬಳಸುವ ಮಾತನ್ನು ಆಕೆ ಹೇಳಿದರು. ಅದರಿಂದ ಹುಟ್ಟಿದ್ದು ರೆಪ್ಲಿಕಂಟ್.

ಇವರು ಭೂಮಿಗೆ ಕಾಲಿಟ್ಟರೆ ಕೊಲ್ಲಬೇಕೆಂಬುದು ಕಾನೂನು. ಆ ಕೊಲ್ಲುವಿಕೆಗೆ ಪೊಲೀಸರು ಇಟ್ಟಿರುವ ಹೆಸರು ನಿವೃತ್ತಿ. ಇಡೀ ಚಿತ್ರದ ಲೋಕದೃಷ್ಟಿ ಆ ಒಂದು ಸರ್ಕಾರಿ ಪದದಲ್ಲಿದೆ.

ನೆಕ್ಸಸ್-6 ಮಾದರಿಯವರಿಗೆ ಮನುಷ್ಯರಿಗಿಂತ ಹೆಚ್ಚು ಬಲ, ತಯಾರಿಸಿದವರಷ್ಟೇ ಬುದ್ಧಿ. ಕಾಲ ಕಳೆದಂತೆ ಅವರಲ್ಲಿ ಭಾವನೆಗಳೂ ಮೊಳೆಯಬಹುದೆಂಬ ಭಯಕ್ಕೆ ಕಂಪನಿ ಅವರ ಆಯಸ್ಸನ್ನು 4 ವರ್ಷಕ್ಕೆ ಕಟ್ಟಿಹಾಕಿದೆ. ತಪ್ಪಿಸಿಕೊಂಡು ಬಂದವರ ನಾಯಕ ರಾಯ್ ಬ್ಯಾಟಿ ತಯಾರಾದದ್ದು 2016ರ ಜನವರಿ 8ರಂದು. ಅವನು ಕೈದಿಯಂತೆ ದಿನ ಎಣಿಸುತ್ತಿದ್ದಾನೆ. ತನ್ನನ್ನು ಮಾಡಿದವನನ್ನು ಹುಡುಕಿ ಇನ್ನಷ್ಟು ಆಯಸ್ಸು ಕೇಳಲು ಬಂದಿದ್ದಾನೆ. ಅವನ ಗುಂಪನ್ನು ಬೇಟೆಯಾಡಬೇಕಾದವನು ಡೆಕರ್ಡ್, ಅಂದರೆ ಹ್ಯಾರಿಸನ್ ಫೋರ್ಡ್.

ಯಾರು ಮನುಷ್ಯ, ಯಾರಲ್ಲ ಎಂದು ಪತ್ತೆ ಹಚ್ಚಲು ಒಂದು ಪರೀಕ್ಷೆ ಇದೆ. ಎದುರಿಗೆ ಕೂರಿಸಿ ಮನ ಕಲಕುವ ಪ್ರಶ್ನೆ ಕೇಳುತ್ತಾರೆ. ಮರಳುಗಾಡಿನಲ್ಲಿ ಆಮೆಯೊಂದನ್ನು ನೀನೇ ಮಗುಚಿ ಹಾಕಿದ್ದೀಯೆ, ಅದು ಬಿಸಿಲಿಗೆ ಹೊಟ್ಟೆ ಕೊಟ್ಟು ಒದ್ದಾಡುತ್ತಿದೆ, ನೀನು ಸುಮ್ಮನೆ ನಿಂತಿದ್ದೀಯೆ, ಯಾಕೆ? ಉತ್ತರ ಮುಖ್ಯವಲ್ಲ. ಉತ್ತರಿಸುವಾಗ ಕಣ್ಣಿನ ಪಾಪೆ ಹೇಗೆ ಹಿಗ್ಗುತ್ತದೆಂದು ಯಂತ್ರ ನೋಡುತ್ತಿರುತ್ತದೆ. ಸಾಮಾನ್ಯವಾಗಿ 20-30 ಪ್ರಶ್ನೆಗಳಲ್ಲಿ ಮುಗಿಯುವ ಪರೀಕ್ಷೆ ರೇಚಲ್ ಎಂಬ ಹೆಣ್ಣಿಗೆ ನೂರನ್ನೂ ದಾಟುತ್ತದೆ. ಕಾರಣ, ತಾನು ರೆಪ್ಲಿಕಂಟ್ ಎಂದು ಆಕೆಗೇ ಗೊತ್ತಿಲ್ಲ.

ಮುಂದಿನ ದೃಶ್ಯವೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಪ್ರಕರಣದ ಬೀಗದ ಕೈ ಅದರಲ್ಲೇ ಇದೆ. ರೇಚಲ್ ಡೆಕರ್ಡನ ಮನೆಗೆ ಬರುತ್ತಾಳೆ. ತಾನು ಮನುಷ್ಯಳೆಂದು ಸಾಬೀತು ಮಾಡಲು ಅಮ್ಮನ ಜೊತೆ ತೆಗೆಸಿಕೊಂಡ ಬಾಲ್ಯದ ಫೋಟೋ ತಂದಿದ್ದಾಳೆ. ಡೆಕರ್ಡ್ ಫೋಟೋದತ್ತ ನೋಡುವುದೂ ಇಲ್ಲ. ನಿನ್ನ ಕಿಟಕಿಯ ಹೊರಗೆ ಪೊದೆಯಲ್ಲಿದ್ದ ಜೇಡ ನೆನಪಿದೆಯಾ ಎನ್ನುತ್ತಾನೆ. ಅವಳಿಗೆ ನೆನಪಿದೆ. ಕಿತ್ತಳೆ ಬಣ್ಣದ ಮೈ, ಹಸಿರು ಕಾಲು. ಬೇಸಿಗೆಯಿಡೀ ಬಲೆ ನೇಯುತ್ತಿತ್ತು. ಆಮೇಲೆ ಒಂದು ದಿನ ಮೊಟ್ಟೆ ಕಾಣಿಸಿತು, ಒಡೆಯಿತು, ನೂರು ಮರಿಗಳು ಹೊರಬಂದು ತಾಯಿಯನ್ನೇ ತಿಂದವು. ಈ ನೆನಪನ್ನು ಆಕೆ ಯಾರಿಗೂ ಹೇಳಿದವಳಲ್ಲ. ಹಾಗಿದ್ದರೆ ಇವನಿಗೆ ಹೇಗೆ ಗೊತ್ತು? ಅದು ಕಂಪನಿಯ ಒಡೆಯ ಟೈರೆಲ್‌ನ ಸೋದರ ಸಂಬಂಧಿ ಹುಡುಗಿಯೊಬ್ಬಳ ನೆನಪು, ನಿನ್ನ ತಲೆಯೊಳಗೆ ಇಟ್ಟಿದ್ದಾರೆ ಎನ್ನುತ್ತಾನೆ. ಅವಳ ಕಣ್ಣಲ್ಲಿ ನೀರು ತುಂಬುವುದನ್ನು ನೋಡಿ ತಮಾಷೆಗೆ ಹೇಳಿದೆ ಅಂತ ತೇಪೆ ಹಾಕುತ್ತಾನೆ, ಅದೂ ಕೆಟ್ಟದಾಗಿ.

ಇಲ್ಲಿ ಚಿತ್ರ ತನ್ನದೇ ಒಂದು ಸೂತ್ರ ಕಲಿಸುತ್ತಿದೆ: ನಿನ್ನ ಒಳಗಿನ ಗುಟ್ಟು ಇನ್ನೊಬ್ಬನಿಗೆ ಗೊತ್ತಿದ್ದರೆ, ಆ ಗುಟ್ಟು ನಿನ್ನದಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಯಾರದು, ಕತ್ತರಿ ಯಾರದು

ಚಿತ್ರೀಕರಣ ಇನ್ನೇನು ಶುರುವಾಗಬೇಕು ಎನ್ನುವಾಗ ಬಂಡವಾಳ ಹಾಕಬೇಕಿದ್ದ ಫಿಲ್ಮ್‌ವೇಸ್ ಹಿಂದೆ ಸರಿಯಿತು. ನಿರ್ಮಾಪಕ ಮೈಕೆಲ್ ಡೀಲಿ ಓಡಾಡಿ ಮೂರು ಕಡೆಯಿಂದ ಹಣ ಹೊಂದಿಸಿದರು. ವಾರ್ನರ್ ಬ್ರದರ್ಸ್ ಮೂಲಕ ಬಿಡುಗಡೆ ಮಾಡುತ್ತಿದ್ದ ಲ್ಯಾಡ್ ಕಂಪನಿ ಒಂದು, ಹಾಂಗ್‌ಕಾಂಗಿನ ಚಿತ್ರೋದ್ಯಮಿ ರನ್ ರನ್ ಶಾ ಇನ್ನೊಂದು. ಮೂರನೆಯದು ಟಾಂಡೆಮ್, ಅಂದರೆ ಬಡ್ ಯಾರ್ಕಿನ್ ಮತ್ತು ಜೆರ್ರಿ ಪೆರೆಂಚಿಯೊ. ಈ ಮೂರನೆಯವರು ಚಿತ್ರ ಮುಗಿಯುವ ತನಕ ಹೆಚ್ಚುವರಿ ಖರ್ಚನ್ನು ಭರಿಸುವ ಹೊಣೆ ಹೊತ್ತಿದ್ದರು. ಖರ್ಚು ಗೊತ್ತುಪಡಿಸಿದ ಮಿತಿ ದಾಟಿದರೆ ಚಿತ್ರದ ಹಿಡಿತ ಅವರ ಕೈಗೆ ಬರುತ್ತದೆಂಬುದು ಅದಕ್ಕೆ ಪ್ರತಿಯಾದ ಷರತ್ತು. ಒಪ್ಪಂದದ ಇಂಥ ಮೂಲೆಯ ಸಾಲುಗಳನ್ನು ಸಹಿ ಮಾಡುವ ದಿನ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ.

1981ರ ಮಾರ್ಚ್ 9ರಂದು ಕ್ಯಾಮೆರಾ ತಿರುಗಿತು. ಬರ್ಬ್ಯಾಂಕ್‌ನ ಸ್ಟುಡಿಯೋದಲ್ಲಿದ್ದ ಹಳೆಯ ನ್ಯೂಯಾರ್ಕ್ ಬೀದಿಯ ಸೆಟ್ಟಿಗೆ ಪೈಪು, ವೈರು, ನಿಯಾನ್ ಫಲಕಗಳನ್ನು ಮೆತ್ತಿ 2019ರ ಊರನ್ನು ಕಟ್ಟಿದರು. ರಾತ್ರಿ ಇಡೀ ಕೃತಕ ಮಳೆ, ಹೊಗೆ. ಕತ್ತಲೆ ಮತ್ತು ಹೊಗೆ ಸೆಟ್ಟಿನ ಹುಳುಕುಗಳನ್ನು ಮುಚ್ಚುತ್ತಿದ್ದವು ಕೂಡ. ಆ ದಟ್ಟ ಸೌಂದರ್ಯದಲ್ಲಿ ಒಂದು ಪಾಲು ಉಳಿತಾಯದ್ದು. ಸ್ಕಾಟ್ ಇಂಗ್ಲೆಂಡಿನವರು, ಜಾಹೀರಾತು ಚಿತ್ರಗಳಿಂದ ಬಂದವರು. ಪ್ರತಿ ಚೌಕಟ್ಟನ್ನೂ ತಿದ್ದಿ ತೀಡಿ ಮತ್ತೆ ಮತ್ತೆ ತೆಗೆಯುವವರು. ಅಮೆರಿಕದ ತಂಡದೊಂದಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಬ್ರಿಟಿಷ್ ಕೆಲಸಗಾರರು ಎದುರುತ್ತರ ಕೊಡದೆ ಹೇಳಿದ್ದು ಮಾಡುತ್ತಾರೆ ಎಂದು ಅವರು ಸಂದರ್ಶನವೊಂದರಲ್ಲಿ ಅಂದದ್ದು ಸೆಟ್ಟಿಗೆ ತಲುಪಿದಾಗ ತಂಡದವರು ಆ ಮಾತನ್ನು ಗೇಲಿ ಮಾಡುವ ಟೀ-ಶರ್ಟ್ ಅಚ್ಚು ಹಾಕಿಸಿ ತೊಟ್ಟುಬಂದರು. ಪರದೇಶಿ ದ್ವೇಷವನ್ನು ಬೈಯುವ ಟೀ-ಶರ್ಟ್ ತೊಟ್ಟು ಸ್ಕಾಟ್ ಎದುರೇಟು ಕೊಟ್ಟರು.

ಖರ್ಚು ಮೂರು ಕೋಟಿ ಡಾಲರಿನ ಹತ್ತಿರ ಹೋಯಿತು. ಮಿತಿ ದಾಟಿತು. ಟಾಂಡೆಮ್ ತನ್ನ ಷರತ್ತನ್ನು ಹೊರತೆಗೆಯಿತು. ಸ್ಕಾಟ್ ಮತ್ತು ಡೀಲಿ ಕೆಲಸ ಮುಂದುವರಿಸಿದರು, ಆದರೆ ಕೊನೆಯ ಕತ್ತರಿ ಅವರ ಕೈಯಲ್ಲಿ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ.

ಡೆನ್ವರ್ ಮತ್ತು ಡಲ್ಲಾಸ್

1982ರ ಮಾರ್ಚ್ ಮೊದಲ ವಾರ. ಮೂಲ ಲೇಖಕ ಡಿಕ್ ಅದೇ ಮಾರ್ಚ್ 2ರಂದು ತೀರಿಕೊಂಡಿದ್ದರು. ಕೆಲವು ದೃಶ್ಯಗಳ ತುಣುಕನ್ನಷ್ಟೇ ನೋಡಿ ಮೆಚ್ಚಿದ್ದ ಅವರು ಪೂರ್ತಿ ಚಿತ್ರ ನೋಡಲೇ ಇಲ್ಲ. ಅದಾದ ಕೆಲವೇ ದಿನಗಳಲ್ಲಿ ಡೆನ್ವರ್ ಮತ್ತು ಡಲ್ಲಾಸ್ ನಗರಗಳಲ್ಲಿ ಇನ್ನೂ ಪೂರ್ತಿ ಸಿದ್ಧವಾಗದ ಚಿತ್ರವನ್ನು ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ ಅಭಿಪ್ರಾಯ ಬರೆಸಿಕೊಂಡರು. ಫೋರ್ಡ್ ಎಂದರೆ ಆ ಹೊತ್ತಿಗೆ ಚಾವಟಿ ಬೀಸುವ ಸಾಹಸಿ, ಬಾಹ್ಯಾಕಾಶದ ತುಂಟ. ಅಂಥ ಮೋಜಿಗೆಂದು ಬಂದು ಕೂತವರಿಗೆ ಮಳೆಯಲ್ಲಿ ತೊಯ್ದು, ಹೆಂಗಸರನ್ನು ಬೆನ್ನಿಗೆ ಗುಂಡಿಟ್ಟು ಕೊಲ್ಲುವ, ಪ್ರತಿ ಹೊಡೆದಾಟದಲ್ಲೂ ಏಟು ತಿನ್ನುವ ನಾಯಕ ಸಿಕ್ಕಿದ. ಗೊಂದಲ, ನಿಧಾನ, ಕೊನೆ ಮಂಕು ಎಂದು ಚೀಟಿ ಬರೆದರು.

ದುಡ್ಡು ಹಾಕಿದವರು ಎರಡು ಮದ್ದು ಅರೆದರು. ಒಂದು, ಡೆಕರ್ಡನ ಬಾಯಲ್ಲಿ ಕಥೆ ವಿವರಿಸುವ ವಾಯ್ಸ್ ಓವರ್. ಎರಡು, ಸುಖಾಂತ್ಯ.

ವಾಯ್ಸ್ ಓವರ್ ಎಂಬುದು ಆಕಾಶದಿಂದ ಬಿದ್ದ ಯೋಚನೆ ಅಲ್ಲ, ಇದನ್ನು ಹೇಳಲೇಬೇಕು. 1940ರ ದಶಕದ ಪತ್ತೇದಾರಿ ಚಿತ್ರಗಳಲ್ಲಿ ನಾಯಕನ ದಣಿದ ದನಿಯ ನಿರೂಪಣೆ ಸಾಮಾನ್ಯ, ಈ ಚಿತ್ರವೂ ಅದೇ ಮನೆತನದ್ದು. ಹ್ಯಾಂಪ್ಟನ್ ಫ್ಯಾಂಚರ್ ಬರೆದ ಚಿತ್ರಕಥೆಯ ಆರಂಭದ ಕರಡುಗಳಲ್ಲೂ ನಿರೂಪಣೆ ಇತ್ತು. ಸಮಸ್ಯೆ ಅದು ಇದ್ದದ್ದರಲ್ಲಿಲ್ಲ, ಅದು ಏನು ಹೇಳಿತು ಎನ್ನುವುದರಲ್ಲಿದೆ. ಟಿ.ವಿ. ಬರಹದಲ್ಲಿ ಪಳಗಿದ್ದ ರೋಲಂಡ್ ಕಿಬ್ಬಿ ಅದನ್ನು ಬರೆದರು, ಒಪ್ಪಂದಕ್ಕೆ ಕಟ್ಟುಬಿದ್ದ ಫೋರ್ಡ್ ಓದಿದರು. ಬಳಸಬಾರದೆಂದೇ ಬೇಕೆಂತಲೇ ಕೆಟ್ಟದಾಗಿ ಓದಿದರೆಂಬ ಸುದ್ದಿ ಬಹಳ ಕಾಲ ಓಡಾಡಿತು. ಅವರು ಅದನ್ನು ಅಲ್ಲಗಳೆದಿದ್ದಾರೆ. ಕೇಳಿದರೆ ಮಾತ್ರ ದನಿಯಲ್ಲಿ ಬೇಸರ ಮಡುಗಟ್ಟಿದೆ. ಅದು ಪಾತ್ರದ ಬೇಸರವೋ ನಟನದೋ ಅವರವರ ಕಿವಿಗೆ ಬಿಟ್ಟದ್ದು.

ಆ ನಿರೂಪಣೆ ಮಾಡಿದ್ದೇನು? ಬೀದಿಯಲ್ಲಿ ಗ್ಯಾಫ್ ಎಂಬ ಪೊಲೀಸ್ ಹಲವು ಭಾಷೆ ಕಲಸಿದ ಮಾತಾಡುತ್ತಾನೆ. ನಮಗೆ ಅರ್ಥವಾಗುವುದಿಲ್ಲ, ಡೆಕರ್ಡ್ ಅರ್ಥವಾಗದವನಂತೆ ನಟಿಸುತ್ತಾನೆ. ಒಂದು ಸಣ್ಣ ಮೋಜಿನ ಗುಟ್ಟು. ನಿರೂಪಣೆ ತಕ್ಷಣ ಬಂದು, ಇದು ಬೀದಿ ಭಾಷೆ, ಇಂತಿಂಥ ಭಾಷೆಗಳ ಮಿಶ್ರಣ, ನನಗೆ ಬರುತ್ತದೆ, ಆದರೆ ಅವನಿಗೆ ಸುಲಭ ಮಾಡಿಕೊಡಲು ಮನಸ್ಸಿರಲಿಲ್ಲ ಎಂದು ಅಗಿದು ಬಾಯಿಗಿಡುತ್ತದೆ. ಡೆಕರ್ಡ್ ತಣ್ಣಗಿನ ಮನುಷ್ಯನೆಂದು ಫೋರ್ಡ್ ಭುಜ ಕುಗ್ಗಿಸಿ ನೂಡಲ್ಸ್ ತಿನ್ನುವ ರೀತಿಯಲ್ಲೇ ಕಾಣುತ್ತಿರುವಾಗ, ಬಿಟ್ಟುಹೋದ ಹೆಂಡತಿ ತನ್ನನ್ನು ಏನೆಂದು ಕರೆಯುತ್ತಿದ್ದಳೆಂದು ಅವನ ಬಾಯಿಂದಲೇ ಹೇಳಿಸುತ್ತದೆ.

ಅತಿ ದೊಡ್ಡ ಏಟು ಬಿದ್ದದ್ದು ಮಾಳಿಗೆಯ ದೃಶ್ಯಕ್ಕೆ. ಬೀಳುತ್ತಿದ್ದ ಡೆಕರ್ಡನನ್ನು ಬ್ಯಾಟಿ ಒಂದೇ ಕೈಯಲ್ಲಿ ಮೇಲೆಳೆದುಕೊಳ್ಳುತ್ತಾನೆ. ಇಬ್ಬರೂ ಮಳೆಯಲ್ಲಿ ಕೂತಿದ್ದಾರೆ. ತಾನು ಕಂಡ ಅದ್ಭುತಗಳನ್ನು ಬ್ಯಾಟಿ ನಾಲ್ಕೈದು ಸಾಲಿನಲ್ಲಿ ಹೇಳುತ್ತಾನೆ. ಚಿತ್ರಕಥೆಯಲ್ಲಿ ಈ ಮಾತು ಇನ್ನೂ ಉದ್ದವಿತ್ತು. ಬ್ಯಾಟಿಯ ಪಾತ್ರ ಮಾಡಿದ ರುಟ್ಗರ್ ಹಾವರ್ ಅದನ್ನು ಕತ್ತರಿಸಿ, ಆ ಕ್ಷಣಗಳೆಲ್ಲ ಮಳೆಯಲ್ಲಿ ಬೆರೆತ ಕಣ್ಣೀರಿನ ಹಾಗೆ ಕಳೆದುಹೋಗುತ್ತವೆ ಎಂಬ ಅರ್ಥದ ಸಾಲನ್ನು ತಾವೇ ಸೇರಿಸಿದರು. ತಲೆ ಬಾಗುತ್ತದೆ, ಕೈಯಲ್ಲಿದ್ದ ಪಾರಿವಾಳ ಹಾರಿಹೋಗುತ್ತದೆ. ಡೆಕರ್ಡ್ ನೋಡುತ್ತಾನೆ. ಕಣ್ಣು ಮಿಟುಕಿಸುತ್ತಾನೆ. ಇಷ್ಟೇ ಸಾಕಿತ್ತು. 1982ರ ಪ್ರತಿಯಲ್ಲಿ ಇಲ್ಲಿಗೂ ದನಿ ಬರುತ್ತದೆ: ನನ್ನನ್ನು ಯಾಕೆ ಉಳಿಸಿದನೋ ಗೊತ್ತಿಲ್ಲ, ಕೊನೆಯ ಗಳಿಗೆಯಲ್ಲಿ ಜೀವದ ಮೇಲೆ ಪ್ರೀತಿ ಉಕ್ಕಿತೇನೋ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೇನೆ, ಇನ್ನೆಷ್ಟು ದಿನ ಎಂದು ನಾವೆಲ್ಲ ಕೇಳುವುದನ್ನೇ ಅವನೂ ಕೇಳಿದ್ದ, ಹೀಗೆ. ಸಾವಿನ ಮನೆಯಲ್ಲಿ ಎದ್ದು ನಿಂತು ಭಾಷಣ ಮಾಡುವವನೊಬ್ಬ ಇದ್ದೇ ಇರುತ್ತಾನಲ್ಲ, ಥೇಟ್ ಹಾಗೆ.

ತಮಾಷೆ ಏನೆಂದರೆ, ಇಷ್ಟೆಲ್ಲ ವಿವರಿಸಿದ ನಿರೂಪಣೆ ಚಿತ್ರದಲ್ಲಿದ್ದ ನಿಜವಾದ ತೂತನ್ನು ಮುಚ್ಚಲೇ ಇಲ್ಲ. ಮೇಲಧಿಕಾರಿ ಬ್ರಯಂಟ್ ಲೆಕ್ಕ ಹೇಳುತ್ತಾನೆ: ತಪ್ಪಿಸಿಕೊಂಡವರು ಆರು ಜನ, ಒಬ್ಬ ವಿದ್ಯುತ್ ಬೇಲಿಗೆ ಸಿಕ್ಕಿ ಸುಟ್ಟುಹೋದ. ಉಳಿಯಬೇಕಾದವರು ಐವರು. ಚಿತ್ರದಲ್ಲಿ ಇರುವುದು ಬ್ಯಾಟಿ, ಲಿಯಾನ್, ಝೋರಾ, ಪ್ರಿಸ್, ನಾಲ್ಕೇ. ಮೇರಿ ಎಂಬ ಐದನೆಯ ಪಾತ್ರ ಚಿತ್ರಕಥೆಯಲ್ಲಿತ್ತು. ಅದನ್ನು ಕೈಬಿಟ್ಟರು, ಸಂಭಾಷಣೆ ತಿದ್ದುವುದನ್ನು ಮರೆತರು. ಆ ಕಾಣೆಯಾದ ಐದನೆಯವನು ಡೆಕರ್ಡನೇ ಎಂದು ಅಭಿಮಾನಿಗಳು ವರ್ಷಗಟ್ಟಲೆ ವಾದ ಮಾಡಿದರು. ಗುಮಾಸ್ತಗಿರಿಯ ತಪ್ಪೊಂದು ತತ್ವಜಿಜ್ಞಾಸೆಗೆ ದಾರಿಮಾಡಿಕೊಟ್ಟದ್ದು ಹೀಗೆ.

ಹಸಿರು ಬೆಟ್ಟ

ಸುಖಾಂತ್ಯದ ಕಥೆ ಇನ್ನೂ ಸೊಗಸು. ಡೆಕರ್ಡ್ ಮತ್ತು ರೇಚಲ್ ಊರು ಬಿಟ್ಟು ಬಿಸಿಲು ಬಿದ್ದ ಬೆಟ್ಟಗಾಡಿನ ನಡುವೆ ಕಾರಿನಲ್ಲಿ ಹೋಗಬೇಕಿತ್ತು. ಆ ಬೆಟ್ಟದ ದೃಶ್ಯಗಳು ಇವರ ಬಳಿ ಇರಲಿಲ್ಲ. ಸ್ಕಾಟ್ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ರನ್ನು ಕೇಳಿಕೊಂಡರು. 1980ರ ‘ದ ಶೈನಿಂಗ್’ ಚಿತ್ರದ ಆರಂಭಕ್ಕೆ ಹೆಲಿಕಾಪ್ಟರಿನಿಂದ ತೆಗೆದು ಬಳಸದೆ ಉಳಿಸಿದ್ದ ರೀಲುಗಳು ಬಂದವು. ಒಂದು ಭೂತದ ಚಿತ್ರದ ಉಳಿಕೆ ಇನ್ನೊಂದು ಚಿತ್ರದ ಮಧುಚಂದ್ರವಾಯಿತು.

ಹೊಟ್ಟೆಗಿಲ್ಲದವರು, ದಿಕ್ಕಿಲ್ಲದವರು ಮಾತ್ರ ಭೂಮಿಯಲ್ಲಿ ಉಳಿದಿದ್ದಾರೆ, ಉಳಿದವರೆಲ್ಲ ಹೊರಲೋಕಕ್ಕೆ ಹೋಗಿದ್ದಾರೆ ಎಂದು ಎರಡು ಗಂಟೆ ತೋರಿಸಿದ ಚಿತ್ರ, ಊರಿನ ಆಚೆ ಇಷ್ಟು ಹಸಿರಿದೆ ಎಂದುಬಿಟ್ಟರೆ ಅವರೆಲ್ಲ ಆ ಮಳೆಯಲ್ಲಿ ಯಾಕೆ ಕೊಳೆಯುತ್ತಿದ್ದರು? ಅದನ್ನಾದರೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ಬೆಟ್ಟದ ಮೇಲೆ ಕೇಳುವ ನಿರೂಪಣೆ. ಗ್ಯಾಫ್ ಬಂದು ರೇಚಲ್‌ಳನ್ನು ಕೊಲ್ಲದೆ ಬಿಟ್ಟುಹೋದ, ಹೇಗೂ ನಾಲ್ಕೇ ವರ್ಷ ಎಂದುಕೊಂಡಿದ್ದ. ಅವನೆಣಿಕೆ ತಪ್ಪು. ರೇಚಲ್ ವಿಶೇಷ, ಅವಳಿಗೆ ಗಡುವಿಲ್ಲ ಎಂದು ಟೈರೆಲ್ ನನಗೆ ಹೇಳಿದ್ದ, ಎನ್ನುತ್ತಾನೆ ಡೆಕರ್ಡ್.

ಬ್ಯಾಟಿ ಯಾವ ಗಡುವಿನ ವಿರುದ್ಧ ಹೋರಾಡಿ ಸತ್ತನೋ, ಅದನ್ನು ಒಂದೇ ವಾಕ್ಯದಲ್ಲಿ ನಾಯಕಿಗೆ ಮನ್ನಾ ಮಾಡಿದ್ದಾರೆ. ಗ್ಯಾಫ್ ಹೇಳಿ ಹೋದ ಮಾತಿನ ಸಾರ ಇಷ್ಟು: ಅವಳು ಉಳಿಯುವುದಿಲ್ಲ, ಹಾಗೆ ನೋಡಿದರೆ ಉಳಿಯುವವರು ಯಾರು? ಅದರ ಕೊಕ್ಕೆಯನ್ನೇ ಮುರಿದು ಹಾಕಿದರು. ಈ ಪ್ರತಿಯಲ್ಲಿ ಬೇಗಡೆ ಕುದುರೆಯ ಅರ್ಥ ಸರಳ. ಗ್ಯಾಫ್‌ಗೆ ಕಾಗದ ಮಡಚುವ ಚಾಳಿ, ಅವನು ಬಂದು ಹೋದದ್ದಕ್ಕೆ ಅದು ಗುರುತು. ಹಾಜರಿ ಪುಸ್ತಕದ ಸಹಿಯಷ್ಟೇ ಬೆಲೆ.

ಮದ್ದು ನಾಟಲಿಲ್ಲ. ಎರಡು ವಾರ ಮೊದಲು ‘ಇ.ಟಿ.’ ಬಂದು ಬೇಸಿಗೆಯನ್ನೇ ತನ್ನದಾಗಿಸಿಕೊಂಡಿತ್ತು. ಸುಮಾರು 1,300 ಚಿತ್ರಮಂದಿರಗಳಲ್ಲಿ ತೆರೆಕಂಡ ‘ಬ್ಲೇಡ್ ರನ್ನರ್’ ಮೊದಲ ವಾರಾಂತ್ಯ 60 ಲಕ್ಷ ಡಾಲರಿನ ಆಸುಪಾಸು ಗಳಿಸಿ ಕುಸಿಯಿತು. ಕಣ್ಣಿಗೆ ಹಬ್ಬ, ಕಥೆ ತೆಳು ಎಂದು ವಿಮರ್ಶಕರು ಬರೆದರು. ಪ್ರೇಕ್ಷಕರನ್ನು ಮೆಚ್ಚಿಸಲು ಮಾಡಿದ ಬದಲಾವಣೆ ಪ್ರೇಕ್ಷಕರನ್ನು ತರಲಿಲ್ಲ, ಚಿತ್ರವನ್ನು ಮಾತ್ರ ಗಾಯ ಮಾಡಿತು.

ತಪ್ಪು ರೀಲು

ನಂತರದ ಎಂಟು ವರ್ಷ ಚಿತ್ರ ವಿಡಿಯೋ ಕ್ಯಾಸೆಟ್, ಲೇಸರ್ ಡಿಸ್ಕ್, ಕೇಬಲ್ ಟಿ.ವಿ.ಗಳಲ್ಲಿ ಉಸಿರಾಡುತ್ತಿತ್ತು. ಕ್ಯಾಸೆಟ್ಟು ಹಿಂದೆ ಮುಂದೆ ಓಡಿಸಿ ಒಂದೊಂದು ಫ್ರೇಮು ನೋಡುವ ಮಂದಿಗೆ ಇದು ಹೇಳಿ ಮಾಡಿಸಿದ ಚಿತ್ರ, ಪ್ರತಿ ಚೌಕಟ್ಟಿನಲ್ಲೂ ಅಷ್ಟು ವಿವರ ತುಂಬಿದೆ.

1990ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಫೇರ್‌ಫ್ಯಾಕ್ಸ್ ಚಿತ್ರಮಂದಿರದಲ್ಲಿ 70 ಎಂ.ಎಂ. ಚಿತ್ರಗಳ ಪ್ರದರ್ಶನವಿತ್ತು. ‘ಬ್ಲೇಡ್ ರನ್ನರ್’ ಡಬ್ಬಿ ತರಿಸಿದರು, ಹಾಕಿದರು. ಚಿತ್ರ ಶುರುವಾಗಿ ಕೆಲವೇ ನಿಮಿಷದಲ್ಲಿ ಕೂತಿದ್ದವರಿಗೆ ವ್ಯತ್ಯಾಸ ತಿಳಿಯಿತು. ಎಂದಿನ ಪೀಠಿಕೆ ಇಲ್ಲ, ಬದಲಿಗೆ ರೆಪ್ಲಿಕಂಟ್ ಪದಕ್ಕೆ 2016ರ ನಿಘಂಟೊಂದರ ಕಲ್ಪಿತ ವಿವರಣೆ. ಡೆಕರ್ಡ್ ಬೀದಿಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದಾನೆ, ದನಿಯೇ ಇಲ್ಲ. ಕೊನೆಗೆ ಬ್ಯಾಟಿ ಸಾಯುವಾಗ ಒಂದೆರಡು ಸಾಲು ನಿರೂಪಣೆ, ಅದೂ ಬೇರೆಯ ಮಾತು. ಲಿಫ್ಟಿನ ಬಾಗಿಲು ಮುಚ್ಚುತ್ತದೆ, ಚಿತ್ರ ಮುಗಿಯುತ್ತದೆ. ಬೆಟ್ಟ ಇಲ್ಲ.

ಗೋದಾಮಿನಿಂದ ಬಂದದ್ದು ಡೆನ್ವರ್-ಡಲ್ಲಾಸ್ ಕಾಲದ ವರ್ಕ್‌ಪ್ರಿಂಟ್, ಅಂದರೆ ಸಂಕಲನದ ನಡುವಿನ ಕಚ್ಚಾ ಪ್ರತಿ. ಕೊನೆಯ ಭಾಗದಲ್ಲಿ ವಾಂಜೆಲಿಸ್ ಸಂಗೀತದ ಜಾಗದಲ್ಲಿ ತಾತ್ಕಾಲಿಕ ಸಂಗೀತವೇ ಇತ್ತು. ಸುದ್ದಿ ಹಬ್ಬಿತು. 1991ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಒಂದೊಂದು ಚಿತ್ರಮಂದಿರದಲ್ಲಿ ಅದನ್ನೇ ನಿರ್ದೇಶಕರ ಪ್ರತಿ ಎಂದು ಹಣೆಪಟ್ಟಿ ಹಚ್ಚಿ ಹಾಕಿದಾಗ ಜನ ಸಾಲುಗಟ್ಟಿದರು. ಹತ್ತು ವರ್ಷ ಹಿಂದೆ ಚೀಟಿಯಲ್ಲಿ ಮಂಕು ಅಂತ ಬರೆಸಿಕೊಂಡಿದ್ದ ಅದೇ ಚಿತ್ರ! ಪ್ರೇಕ್ಷಕ ಬದಲಾಗಿದ್ದನೋ, ಕಾಲವೋ. ನನಗೆ ಅನ್ನಿಸುವುದು, ಈ ಬಾರಿ ಅವರು ಏನು ನೋಡಲು ಬಂದಿದ್ದೇವೆಂದು ತಿಳಿದೇ ಬಂದಿದ್ದರು.

ಇದು ನನ್ನ ಪ್ರತಿ ಅಲ್ಲ ಎಂದು ಸ್ಕಾಟ್ ತಕರಾರು ತೆಗೆದರು. ಸರಿಯಾಗಿ ಮಾಡೋಣ ಎಂದು ವಾರ್ನರ್ ಒಪ್ಪಿತು. ಬೇರೆ ಚಿತ್ರಗಳಲ್ಲಿ ಮುಳುಗಿದ್ದ ಸ್ಕಾಟ್ ಸೂಚನೆಗಳನ್ನು ಕಳಿಸಿದರು, ಬೇರೆಯವರು ತರಾತುರಿಯಲ್ಲಿ ಜೋಡಿಸಿದರು. 1992ರ ಸೆಪ್ಟೆಂಬರಿನಲ್ಲಿ ಡೈರೆಕ್ಟರ್ಸ್ ಕಟ್ ತೆರೆಗೆ ಬಂತು. ನಿರೂಪಣೆ ಹೋಯಿತು, ಬೆಟ್ಟ ಹೋಯಿತು. ಒಂದು ಕುದುರೆ ಬಂತು.

ಕೆಲವು ಸೆಕೆಂಡುಗಳ ಕನಸು

ಡೆಕರ್ಡ್ ಪಿಯಾನೋ ಮುಂದೆ ಕೂತು ಒಂದೊಂದೇ ಮನೆ ಒತ್ತುತ್ತಿದ್ದಾನೆ, ಎದುರಿಗೆ ಯಾರ್ಯಾರದೋ ಹಳೆಯ ಫೋಟೋಗಳು. ಹಾಗೇ ಮಂಪರು. ಮಂಜು ಕವಿದ ಕಾಡಿನೊಳಗಿಂದ ಒಂಟಿಕೊಂಬಿನ ಬಿಳಿ ಕುದುರೆ ಓಡಿ ಬರುತ್ತದೆ, ಕತ್ತು ಕೊಡವುತ್ತದೆ. ಮತ್ತೆ ಪಿಯಾನೋ. ಒಂದು ಮಾತಿಲ್ಲ, ವಿವರಣೆ ಇಲ್ಲ.

ಈಗ ಕೊನೆಯ ದೃಶ್ಯಕ್ಕೆ ಬನ್ನಿ. ಈ ಕನಸನ್ನು ಡೆಕರ್ಡ್ ಯಾರಿಗೂ ಹೇಳಿಲ್ಲ. ಗ್ಯಾಫ್ ಮಾತ್ರ ಬಾಗಿಲ ಬಳಿ ಅದೇ ಪ್ರಾಣಿಯನ್ನು ಮಡಚಿಟ್ಟು ಹೋಗಿದ್ದಾನೆ. ರೇಚಲ್‌ಳ ಜೇಡದ ನೆನಪು ಡೆಕರ್ಡನಿಗೆ ಹೇಗೆ ಗೊತ್ತಿತ್ತೋ ಹಾಗೆಯೇ ಡೆಕರ್ಡನ ಕುದುರೆ ಗ್ಯಾಫ್‌ಗೆ ಗೊತ್ತಿದೆ. ಬೇಟೆಗಾರನೂ ಕಾರ್ಖಾನೆಯ ಮಾಲೇ ಇರಬಹುದು. ಹಾಜರಿ ಸಹಿ ಇದ್ದಕ್ಕಿದ್ದಂತೆ ಜಾತಕವಾಯಿತು. ಫೋರ್ಡ್ ತಲೆಯಾಡಿಸುವುದು ಅದೇ ತಲೆಯಾಡಿಸುವಿಕೆ, ಆದರೆ ಈಗ ಅದರಲ್ಲಿ ನಡುಕ ಕಾಣುತ್ತದೆ. ಒಂದೇ ಮುಖದ ಪಕ್ಕ ಬೇರೆ ಬೇರೆ ಚಿತ್ರಗಳನ್ನಿಟ್ಟರೆ ಮುಖದ ಭಾವವೇ ಬದಲಾದಂತೆ ಕಾಣುತ್ತದೆಂದು ರಷ್ಯಾದ ಲೆವ್ ಕುಲೆಶೋವ್ ಮೂಕಿ ಚಿತ್ರಗಳ ಕಾಲದಲ್ಲೇ ತೋರಿಸಿದ್ದರು. ಆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿಯವರೆಗೆ ಪ್ರಕರಣ ಸಲೀಸು: ಖಳರು ದುಡ್ಡಿನವರು, ನ್ಯಾಯ ನಿರ್ದೇಶಕರದು. ನನ್ನ ತಕರಾರು ಇಲ್ಲಿಂದ ಮುಂದೆ.

2000ದ ಸಾಕ್ಷ್ಯಚಿತ್ರವೊಂದರಲ್ಲಿ ಸ್ಕಾಟ್ ಕಡ್ಡಿ ಮುರಿದಂತೆ ಹೇಳಿದರು, ಡೆಕರ್ಡ್ ರೆಪ್ಲಿಕಂಟ್. ಫೋರ್ಡ್ ಇದನ್ನು ಒಪ್ಪಿಕೊಂಡಿರಲಿಲ್ಲ. ನೋಡುಗ ಆತುಕೊಳ್ಳಲು ತೆರೆಯ ಮೇಲೆ ಒಬ್ಬನಾದರೂ ಮನುಷ್ಯ ಬೇಕು ಎಂಬುದು ಅವರ ವಾದ. ಕಥೆ ಬರೆದ ಫ್ಯಾಂಚರ್‌ಗೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದು ಇಷ್ಟ. ನನ್ನ ಓಟು ಫ್ಯಾಂಚರ್‌ಗೆ.

ಮಾಳಿಗೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಜೀತದಾಳೊಬ್ಬ ತನ್ನ ಸಂಗಾತಿಗಳನ್ನು ಕೊಂದ ಮನುಷ್ಯನನ್ನು ಉಳಿಸುತ್ತಾನೆ. ಕರುಣೆಯ ಪರೀಕ್ಷೆಯಲ್ಲಿ ನಪಾಸಾಗಲೆಂದೇ ತಯಾರಾದವನು, ಪರೀಕ್ಷೆ ನಡೆಸುವವನಿಗಿಂತ ಹೆಚ್ಚು ಅಂಕ ಪಡೆಯುತ್ತಾನೆ. ಡೆಕರ್ಡ್ ಖಚಿತವಾಗಿ ರೆಪ್ಲಿಕಂಟ್ ಎಂದಾದರೆ ಇದು ಒಬ್ಬ ಕುಲಬಾಂಧವ ಇನ್ನೊಬ್ಬನನ್ನು ಉಳಿಸಿದ ಕಥೆ, ಅದರ ಮುಳ್ಳು ಹೋಗುತ್ತದೆ. ಖಚಿತವಾಗಿ ಮನುಷ್ಯ ಎಂದಾದರೆ, ನಾವು ಸುರಕ್ಷಿತ ದಂಡೆಯಲ್ಲಿ ಕೂತು ಮರುಗುವವರು. ಎರಡೂ ಇರಬಹುದು ಎಂಬಲ್ಲಿ ಮಾತ್ರ ಆ ಯಂತ್ರ ನಮ್ಮ ಕಣ್ಣಿನ ಪಾಪೆಯತ್ತಲೂ ತಿರುಗುತ್ತದೆ. 1982ರಲ್ಲಿ ನಿರ್ಮಾಪಕರು ಉತ್ತರವನ್ನು ಚಿತ್ರದೊಳಗೆ ತುರುಕಿದರು. 2000ದಲ್ಲಿ ನಿರ್ದೇಶಕರು ಉತ್ತರವನ್ನು ಚಿತ್ರದ ಹೊರಗೆ ನಿಂತು ಕೂಗಿದರು. ರುಚಿಯಲ್ಲಿ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ ನೋಡುಗನನ್ನು ನಂಬದ ಗುಣ ಇಬ್ಬರಲ್ಲೂ ಒಂದೇ. ಪುಣ್ಯಕ್ಕೆ, ಸಂದರ್ಶನವನ್ನು ನೋಡದೆ ಇರುವ ಸ್ವಾತಂತ್ರ್ಯ ನಮಗಿದೆ. ವಾಯ್ಸ್ ಓವರಿನಿಂದ ಹಾಗೆ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ.

ಒಂಬತ್ತು ಮೊಳದ ತಿದ್ದುಪಡಿ

ಹಕ್ಕುಗಳ ತಗಾದೆ ಬಗೆಹರಿದ ಮೇಲೆ, 25ನೇ ವರ್ಷಕ್ಕೆಂದು 2007ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಫೈನಲ್ ಕಟ್ ಕಾಣಿಸಿಕೊಂಡಿತು. ಸ್ಕಾಟ್‌ಗೆ ಪೂರ್ತಿ ಹಿಡಿತ ಸಿಕ್ಕಿದ ಪ್ರತಿ ಇದೊಂದೇ. ಕನಸು ಈ ಬಾರಿ ತುಸು ಉದ್ದ, ಡೆಕರ್ಡ್ ಎಚ್ಚರವಾಗಿಯೇ ಇದ್ದಾನೆ. ಬ್ರಯಂಟ್ ಈಗ ಸುಟ್ಟುಹೋದವರು ಇಬ್ಬರು ಎನ್ನುತ್ತಾನೆ, ಲೆಕ್ಕ ತಾಳೆಯಾಯಿತು.

ಗಾಜಿನ ಬಾಗಿಲುಗಳನ್ನು ಒಡೆದುಕೊಂಡು ಓಡಿ ಸಾಯುವ ಝೋರಾಳ ದೃಶ್ಯದಲ್ಲಿ ಡ್ಯೂಪ್ ಕಲಾವಿದೆಯ ವಿಗ್ ಎದ್ದು ಕಾಣುತ್ತಿತ್ತು. ಝೋರಾ ಪಾತ್ರದ ನಟಿ ಜೋವಾನಾ ಕ್ಯಾಸಿಡಿ 25 ವರ್ಷಗಳ ನಂತರ ಮತ್ತೆ ಬಣ್ಣ ಹಚ್ಚಿ, ಅದೇ ತಲೆ ಅದೇ ಕೋನಕ್ಕೆ ತಿರುಗಿಸಿ ನಟಿಸಿದರು. ಆ ಮುಖವನ್ನು ಕಂಪ್ಯೂಟರಿನಲ್ಲಿ ಡ್ಯೂಪಿನ ಕತ್ತಿಗೆ ಕೂರಿಸಿದರು. ಹಾವಿನ ವ್ಯಾಪಾರಿಯ ಅಂಗಡಿಯಲ್ಲಿ ಫೋರ್ಡ್ ತುಟಿಗೂ ಮಾತಿಗೂ ಹೊಂದಿಕೆ ಇರಲಿಲ್ಲ. ಅವರ ಮಗನನ್ನು ಕರೆಸಿ, ಬಾಯಷ್ಟನ್ನೇ ಚಿತ್ರಿಸಿ ಅಪ್ಪನ ಮುಖಕ್ಕೆ ಅಂಟಿಸಿದರು. ಬ್ಯಾಟಿಯ ಪಾರಿವಾಳ 1982ರಲ್ಲಿ ಮಳೆಯ ರಾತ್ರಿಯಿಂದ ಹಾರಿ ನೇರ ನೀಲಿ ಆಕಾಶಕ್ಕೆ ಹೋಗಿತ್ತು. ಈಗ ಅದಕ್ಕೂ ಆ ಕತ್ತಲ ಊರಿನದೇ ಆಕಾಶ ಸಿಕ್ಕಿತು.

ಅದೇ ವರ್ಷ ಐದು ಪ್ರತಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರಿದರು: ವರ್ಕ್‌ಪ್ರಿಂಟ್, ಅಮೆರಿಕದ 1982ರ ಪ್ರತಿ, ಒಂದಿಷ್ಟು ಹೆಚ್ಚು ರಕ್ತವಿದ್ದ ಹೊರದೇಶದ ಪ್ರತಿ, 1992ರದು, 2007ರದು. ಮೊದಲ ಸಲ ನೋಡುವವರಿಗೆ ನಾನು 2007ರದನ್ನೇ ಹೇಳುತ್ತೇನೆ. ಎರಡನೆಯ ಸಲಕ್ಕೆ 1982ರದು, ದನಿ ಎಲ್ಲೆಲ್ಲಿ ಮೂಗು ತೂರಿಸುತ್ತದೆಂದು ನೋಡಲು.

2017ರಲ್ಲಿ ಡೆನಿ ವಿಲ್‌ನೂವ್ ಮುಂದಿನ ಭಾಗ ತೆಗೆದರು. ಮುದುಕನಾದ ಡೆಕರ್ಡ್ ಪಾಳುಬಿದ್ದ ಹೋಟೆಲಿನಲ್ಲಿ ಒಬ್ಬನೇ ಇದ್ದಾನೆ, ಜೊತೆಗೊಂದು ನಾಯಿ. ನಾಯಿಯ ಮುಂದೆ ನೆಲದ ಮೇಲೆ ಒಂದಿಷ್ಟು ವಿಸ್ಕಿ ಸುರಿಯುತ್ತಾನೆ. ಹುಡುಕಿಕೊಂಡು ಬಂದ ಯುವಕ, ಅವನೂ ರೆಪ್ಲಿಕಂಟೇ, ಅದು ಅಸಲಿ ನಾಯಿಯೇ ಎಂದು ಕೇಳುತ್ತಾನೆ. ಗೊತ್ತಿಲ್ಲ, ಅದನ್ನೇ ಕೇಳು ಎನ್ನುತ್ತಾನೆ ಡೆಕರ್ಡ್.